ಎಚ್‌ಬಿಎ1ಸಿ ಒಂದೇ ಸಾಲದು

ಮಕ್ಕಳ ಟೈಪ್ 1 ಮಧುಮೇಹದ ಕುರಿತ ಈ ಲೇಖನ ಚೆನ್ನಾಗಿದೆ. ಆದರೆ ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಸರಿಯಿದ್ದರೆ ಪೋಷಕರು ನಿಶ್ಚಿಂತರಾಗಿರಬಹುದು ಎಂಬ ಮಾತಿಗೆ ನನ್ನ ತಕರಾರಿದೆ. ಅದು ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಬರೀ ಸರಾಸರಿ. ಕಣ್ಣಿನ ಅಕ್ಷಿಪಟಲದ ಸ್ಥಿತಿಯಾಗಲಿ, ಮೂತ್ರಪಿಂಡದ ಸ್ಥಿತಿಯಾಗಲಿ ಅದರಿಂದ ತಿಳಿಯುವುದಿಲ್ಲ. ಸಾಮಾನ್ಯವಾಗಿ ಮಗುವಿಗೆ 11 ವರ್ಷವಾಗಿ, ಕಾಯಿಲೆ ಬಂದು 2ರಿಂದ 5 ವರ್ಷ ಕಳೆದಿದ್ದರೆ ಇವೆರಡರ ತಪಾಸಣೆ ಆರಂಭವಾಗಬೇಕು.

ನನ್ನ ಮಗಳು ಏಳನೆಯ ವಯಸ್ಸಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾಳೆ, ಈಗ ಹನ್ನೆರಡು. ಹೋದ ವರ್ಷ ಶಾಲೆಯ ಕ್ರೀಡಾಕೂಟದ ಮರುದಿನವೇ ಮೂತ್ರ ಪರೀಕ್ಷೆ ಮಾಡಿಸಿದೆವು. ಮೂತ್ರಪಿಂಡಕ್ಕೆ ತೊಂದರೆಯಾದರೆ ಮೂತ್ರಕ್ಕೆ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್ ಹೆಚ್ಚು ಎಂದು ವರದಿ ಬಂತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ವೈದ್ಯರು ಮಾತ್ರ ಶಾಂತವಾಗಿ, ವಿಪರೀತ ಓಡಾಟ, ಜ್ವರ, ಮುಟ್ಟು ಇವುಗಳಿಂದಲೂ ಹೀಗಾಗಬಹುದು, ಬೆಳಿಗ್ಗೆ ಎದ್ದೊಡನೆಯ ಮೂತ್ರವನ್ನು ಬೇರೆ ಬೇರೆ ದಿನ ತನ್ನಿ ಎಂದರು. ಮುಂದಿನ ಎರಡು ಮಾದರಿಗಳೂ ಸರಿಯಾಗಿದ್ದವು. ಮಾದರಿ ಕೊಡುವ ಮೊದಲೇ ಪ್ರಯೋಗಾಲಯದವರು ಈ ಮಾತು ಹೇಳಬಾರದಿತ್ತೇ?

ಥೈರಾಯ್ಡ್ ಮತ್ತು ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಕರುಳಿಗೆ ಒಗ್ಗದ ಕಾಯಿಲೆ) ಪರೀಕ್ಷೆಯನ್ನು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಕಾರಣವಿಲ್ಲದೆ ಸಕ್ಕರೆ ಪದೇ ಪದೇ ಕುಸಿಯುತ್ತಿದ್ದರೆ, ಮಗು ಎತ್ತರ ಬೆಳೆಯದಿದ್ದರೆ ಸೀಲಿಯಾಕ್ ಇದೆಯೇ ಎಂದು ನೋಡಲೇಬೇಕು. ಪರೀಕ್ಷೆಗೆ ಮೊದಲೇ ಚಪಾತಿ ನಿಲ್ಲಿಸಿಬಿಡಬೇಡಿ, ಫಲಿತಾಂಶ ತಪ್ಪಾಗಬಹುದು. ಸೀಲಿಯಾಕ್ ಇದೆಯೆಂದು ಖಚಿತವಾದರೂ ರಾಗಿ ಮುದ್ದೆಗೆ ಅಡ್ಡಿಯಿಲ್ಲ, ಹಿಟ್ಟಿಗೆ ಗೋಧಿ ಬೆರೆಯದಿದ್ದರೆ ಸರಿ.