ಸತ್ಯಾಂಶ: ಕುದುರೆ ಮುಟ್ಟಿದರೆ 'ಸರ್ರಾ' ಬರುತ್ತದಾ?

'ಕುದುರೆಗಳ ರಕ್ತದಲ್ಲಿ ಸರ್ರಾ ರೋಗದ ಹುಳ ಇದೆ, ಮದುವೆ ಮೆರವಣಿಗೆಯ ಕುದುರೆಯನ್ನು ಮುಟ್ಟಬೇಡಿ' ಎಂಬ ಸಂದೇಶ ನಿಮಗೂ ಬಂದಿರಬಹುದು. ಅರ್ಧ ನಿಜ, ಅರ್ಧ ಸುಮ್ನೆ ಹೆದರಿಕೆ.

ಸರ್ರಾ ಇರುವುದು ನಿಜ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಈ ರೋಗದ ಹುಳವನ್ನು ಕಂಡುಹಿಡಿದರು. ಹುಳ ಅಂದರೂ ಇದು ಕಣ್ಣಿಗೆ ಕಾಣದ ಒಂದೇ ಕೋಶದ ಜೀವಿ, ಹೆಸರು ಟ್ರಿಪನೊಸೋಮಾ ಇವಾನ್ಸಿ. ರಕ್ತ ಹೀರುವ ದೊಡ್ಡ ನೊಣಗಳು ಇದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಮೈ ಸವರಿದರೆ ಅಂಟುವ ರೋಗ ಇದಲ್ಲ.

ಹಾಗಾದರೆ ಆ ನೊಣ ನಮ್ಮನ್ನು ಕಚ್ಚಿದರೆ? ನಮ್ಮ ರಕ್ತದಲ್ಲಿರುವ ಎಪಿಒಎಲ್‌1 ಎಂಬ ಪ್ರೋಟೀನು ಈ ಜೀವಿಯ ಒಳಹೊಕ್ಕು ಅದನ್ನು ಕೊಲ್ಲುತ್ತದೆ. ಕುದುರೆಗೆ ಈ ಕಾವಲು ಇಲ್ಲ, ಪಾಪ.

2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತರಿಗೆ ಬಿಟ್ಟುಬಿಟ್ಟು ಜ್ವರ ಬಂದು, ರಕ್ತದಲ್ಲಿ ಇದೇ ಜೀವಿ ಸಿಕ್ಕಿತು. ಆಮೇಲೆ ನೋಡಿದರೆ ಅವರ ರಕ್ತದಲ್ಲಿ ಆ ಪ್ರೋಟೀನೇ ಕೆಲಸ ಮಾಡುತ್ತಿರಲಿಲ್ಲ! ಸುರಾಮಿನ್ ಎಂಬ ಔಷಧಿಯಿಂದ ಅವರು ಗುಣವಾದರು. ಆದರೂ ಅಪಾಯ ಸೊನ್ನೆ ಅನ್ನುವ ಹಾಗಿಲ್ಲ. ವಿಯೆಟ್ನಾಂನಲ್ಲಿ ಪ್ರೋಟೀನು ಸರಿಯಾಗಿದ್ದ ಮಹಿಳೆಗೂ ಸೋಂಕು ತಗುಲಿತ್ತು. ಹಸಿ ಮಾಂಸ ಕತ್ತರಿಸುವಾಗ ಆದ ಗಾಯದಿಂದ ಬಂದಿರಬೇಕು ಎಂಬುದು ವೈದ್ಯರ ಅನುಮಾನ. ಇಂಥ ಪ್ರಕರಣಗಳು ತೀರಾ ಅಪರೂಪ.

ಎಚ್ಚರ ಜಾಸ್ತಿ ಬೇಕಿರುವುದು ಕುದುರೆ ಸಾಕುವವರಿಗೆ. ಕುದುರೆಗೆ ಮತ್ತೆಮತ್ತೆ ಜ್ವರ ಬಂದು ಕಾಲು, ಹೊಟ್ಟೆಯ ಕೆಳಭಾಗ ಊದಿಕೊಂಡರೆ, ಮೈ ಇಳಿದರೆ ತಕ್ಷಣ ಪಶುವೈದ್ಯರಿಗೆ ತೋರಿಸಿ. ರಕ್ತ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ.