ಕಾಲೇಜಿನ ಬಿಡುವಿನ ಕಂಪ್ಯೂಟರುಗಳು ಸೈನಿಕ ತರಬೇತಿಗೆ ದುಡಿಯಬೇಕೆ?

ಪರ

ದಾವಣಗೆರೆಯ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಸಂಜೆ ತರಗತಿ ಮುಗಿದ ಮೇಲೆ ಹೋಗಿ ನೋಡಬೇಕು. ಕುರ್ಚಿಗಳು ಮೇಜಿನಡಿ ಸೇರಿರುತ್ತವೆ, ಅಟೆಂಡರ್ ಕಿಟಕಿ ಹಾಕುತ್ತಿರುತ್ತಾರೆ, ಸಾಲಾಗಿ ನಿಂತ ಕಂಪ್ಯೂಟರುಗಳಲ್ಲಿ ಹಲವು ಇನ್ನೂ ಆನ್ ಆಗಿಯೇ ಇದ್ದು ಒಳಗಿನ ಫ್ಯಾನ್ ಸುಮ್ಮನೆ ತಿರುಗುತ್ತಿರುತ್ತದೆ. ಮರುದಿನ ಬೆಳಗಿನವರೆಗೆ ಅವುಗಳಿಗೆ ಕೆಲಸವಿಲ್ಲ. ಈ ಬಿಡುವನ್ನು ಒಟ್ಟುಗೂಡಿಸಿ ಸೈನ್ಯದ ತರಬೇತಿಗೆ ಕಂಪ್ಯೂಟರಿನಲ್ಲೇ ನಡೆಸುವ ಅಣಕು ಕಾಳಗದ ಸಿಮ್ಯುಲೇಷನ್‌ಗಳಿಗೆ ಬೇಕಾದ ಲೆಕ್ಕಾಚಾರಕ್ಕೆ ಕೊಡಬೇಕೆಂಬ ವಾದದ ಹಿಂದೆ ನಾಲ್ಕು ದಶಕಗಳ ಅನುಭವವಿದೆ.

ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 1983ರಲ್ಲಿ ಆರಂಭಿಸಿದ ಸಿಮ್‌ನೆಟ್ ಯೋಜನೆಯಲ್ಲಿ, ಬೇರೆ ಬೇರೆ ಊರುಗಳಲ್ಲಿ ಕುಳಿತ ಟ್ಯಾಂಕ್ ಸಿಬ್ಬಂದಿ ಒಂದೇ ಕಾಲ್ಪನಿಕ ರಣರಂಗದಲ್ಲಿ ಎದುರುಬದುರಾದರು. ಇಡೀ ಯುದ್ಧವನ್ನು ಹಿಡಿದಿಟ್ಟ ಒಂದು ದೊಡ್ಡ ಕಂಪ್ಯೂಟರ್ ಅಲ್ಲಿರಲಿಲ್ಲ. ಪ್ರತಿಯೊಂದು ಯಂತ್ರವೂ ತನ್ನ ಟ್ಯಾಂಕಿನ ಲೆಕ್ಕವನ್ನು ತಾನೇ ನೋಡಿಕೊಂಡು, ಬದಲಾವಣೆಯಾದಾಗ ಉಳಿದವಕ್ಕೆ ತಿಳಿಸುತ್ತಿತ್ತು. ಇದರ ಜಾಣ್ಮೆಯನ್ನು ನಮ್ಮ ಬಸ್ಸಿನ ಉದಾಹರಣೆಯಿಂದಲೇ ಅರಿಯಬಹುದು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಯಾವ ವೇಗದಲ್ಲಿ ಬರುತ್ತಿದೆ ಎಂಬುದು ಗೊತ್ತಿದ್ದರೆ, ದುರ್ಗದ ನಿಲ್ದಾಣದಲ್ಲಿ ಕಾಯುತ್ತಿರುವವರು ಅದು ಈಗ ಎಲ್ಲಿರಬಹುದೆಂದು ಊಹಿಸಿಕೊಳ್ಳುತ್ತಾರೆ. ಭರಮಸಾಗರದಲ್ಲಿ ಟೈರು ಪಂಕ್ಚರ್ ಆದರೆ ಮಾತ್ರ ಬಸ್ಸಿನಲ್ಲಿರುವವರು ಫೋನ್ ಮಾಡಿದರೆ ಸಾಕು. ಸಿಮ್ಯುಲೇಟರ್‌ಗಳೂ ಹೀಗೆಯೇ ಪರಸ್ಪರರ ಸ್ಥಾನವನ್ನು ಊಹಿಸಿಕೊಳ್ಳುತ್ತವೆ, ಊಹೆ ಮಿತಿ ಮೀರಿ ತಪ್ಪಿದಾಗ ತಿದ್ದುಪಡಿ ಕಳುಹಿಸುತ್ತವೆ. ಅಂದಿನ ಬಡ ಜಾಲಗಳ ಮೇಲೆ ನೂರಾರು ಟ್ಯಾಂಕುಗಳನ್ನು ಓಡಿಸಲು ಸಾಧ್ಯವಾದದ್ದು ಈ ಮಿತವ್ಯಯದಿಂದ. ಇದೇ ವಿಧಾನ 1993ರಲ್ಲಿ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಘ ಐಇಇಇ ಹೊರತಂದ ‘ಐಇಇಇ 1278’ ಎಂಬ ಮಾನಕವಾಯಿತು. 1998ರ ವೇಳೆಗೆ ಹಲವು ಊರುಗಳ ಸೂಪರ್ ಕಂಪ್ಯೂಟರುಗಳನ್ನು ಜೋಡಿಸಿ ಒಂದು ಲಕ್ಷಕ್ಕೂ ಹೆಚ್ಚು ವಾಹನಗಳಿರುವ ರಣರಂಗವನ್ನು ನಡೆಸಿ ತೋರಿಸಲಾಯಿತು.

ಕಾಲೇಜಿನ ಲ್ಯಾಬಿಗೆ ಒಪ್ಪುವುದು ಇನ್ನೊಂದು ಬಗೆಯ ಕೆಲಸ. ಒಂದೇ ಕಾಳಗವನ್ನು ಹವಾಮಾನ, ಬೆಳಕು, ಇಂಧನ, ಪಡೆಗಳ ಸಂಖ್ಯೆ ಬದಲಿಸಿ ಸಾವಿರಾರು ಸಲ ನಡೆಸಿ ನೋಡಿದರೆ, ಅಧಿಕಾರಿಗಳಿಗೆ ಯಾವ ಸನ್ನಿವೇಶದಲ್ಲಿ ತರಬೇತಿ ಕೊಡಬೇಕೆಂಬುದು ಸ್ಪಷ್ಟವಾಗುತ್ತದೆ. ಈ ಪ್ರಯೋಗಗಳಲ್ಲಿ ಒಂದು ಇನ್ನೊಂದಕ್ಕೆ ಕಾಯಬೇಕಾಗಿಲ್ಲ, ಆದ್ದರಿಂದ ಎಲ್ಲಿ ಬೇಕಾದರೂ ಹಂಚಬಹುದು. ಮನೆಮನೆಯ ಕಂಪ್ಯೂಟರುಗಳಿಂದ ಆಕಾಶದ ರೇಡಿಯೋ ಸಂಕೇತಗಳನ್ನು ಜಾಲಾಡಿಸಿದ ಸೆಟಿ ಅಟ್ ಹೋಮ್ 1999ರಲ್ಲಿ ಇದನ್ನು ಜಗತ್ತಿಗೆ ತೋರಿಸಿತು. 2020ರ ಕೋವಿಡ್ ದಿನಗಳಲ್ಲಿ ಇದೇ ರೀತಿ ಜನರ ಕಂಪ್ಯೂಟರುಗಳಿಂದ ಪ್ರೋಟೀನುಗಳ ಲೆಕ್ಕ ಮಾಡಿಸುವ ಫೋಲ್ಡಿಂಗ್ ಅಟ್ ಹೋಮ್ ಜಾಲ ಅಂದಿನ ಯಾವ ಸೂಪರ್ ಕಂಪ್ಯೂಟರನ್ನೂ ಮೀರಿಸಿದ ಬಲವನ್ನು ಪಡೆಯಿತು.

ನಮ್ಮ ಜಿಲ್ಲೆಗಳಿಗೆ ಈ ಮಾತು ದೂರದ್ದಲ್ಲ. ಚಳ್ಳಕೆರೆಯ ಬಳಿ ಡಿಆರ್‌ಡಿಒ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುತ್ತದೆ, ಮತ್ತು 2023ರ ಆಗಸ್ಟ್‌ನಲ್ಲಿ ಅಂಥದೊಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. ಸಿಮ್ಯುಲೇಷನ್‌ನಿಂದ ಹಾರಾಟದ ಪರೀಕ್ಷೆಯೇ ಬೇಡವಾಗುವುದಿಲ್ಲ ನಿಜ, ಆದರೆ ಪರದೆಯ ಮೇಲೆ ಕಲಿಯುವವನು ನೂರು ಸಲ ಬೀಳಿಸಿದರೂ ಯಾರ ಬೆಳೆಯೂ ಹಾಳಾಗುವುದಿಲ್ಲ.

ವಿರೋಧ

ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚುವ ವಿತರಿತ ಕಂಪ್ಯೂಟಿಂಗ್ ಸೈನಿಕ ತರಬೇತಿಗೆ ಬೇಕು ಎಂಬುದರಲ್ಲಿ ತಕರಾರಿಲ್ಲ. ಅದು ಸೈನ್ಯದ ಸ್ವಂತ ಯಂತ್ರಗಳಲ್ಲಿ, ಸ್ವಂತ ಜಾಲದಲ್ಲಿ ನಡೆಯಬೇಕು. ಕಾಲೇಜು ಲ್ಯಾಬಿನಲ್ಲಿ ಅಲ್ಲ.

ಮೊದಲನೆಯದು ಕಾಲದ ಪ್ರಶ್ನೆ. ಪರಸ್ಪರ ಗುಂಡು ಹಾರಿಸುವಷ್ಟು ಹತ್ತಿರದ ಎರಡು ಸಿಮ್ಯುಲೇಟರ್‌ಗಳ ನಡುವೆ ಸಂದೇಶ 100 ಮಿಲಿಸೆಕೆಂಡಿನೊಳಗೆ ತಲುಪಬೇಕೆಂದು ಐಇಇಇ 1278 ಮಾನಕವೇ ಹೇಳುತ್ತದೆ. ಕರೆಂಟು ಹೋಗಿ ಯುಪಿಎಸ್ ಕಿರುಗುಟ್ಟುವ ಲ್ಯಾಬು ಇಂಥ ಭರವಸೆ ಕೊಡಲಾರದು, ಹಾಗಾಗಿ ಮನುಷ್ಯರು ಕುಳಿತು ಕಲಿಯುವ ನಿಜವಾದ ತರಬೇತಿ ಇಲ್ಲಿ ನಡೆಯುವುದಿಲ್ಲ. ಉಳಿಯುವುದು ಸಾವಿರಾರು ಸಲ ನಡೆಸುವ ಲೆಕ್ಕವೊಂದೇ. ಅದಕ್ಕೂ ಬೆಲೆಯಿದೆ: ಅಪರಿಚಿತ ಯಂತ್ರದ ಉತ್ತರವನ್ನು ನಂಬಲಾಗದ್ದರಿಂದ ಸೆಟಿ ಅಟ್ ಹೋಮ್ ಒಂದೇ ತುಣುಕನ್ನು ಒಂದಕ್ಕಿಂತ ಹೆಚ್ಚು ಯಂತ್ರಗಳಿಗೆ ಕಳುಹಿಸಿ ತಾಳೆ ನೋಡುತ್ತಿತ್ತು. ದುಡಿಯುವ ಪ್ರೊಸೆಸರ್ ಸುಮ್ಮನಿರುವುದಕ್ಕಿಂತ ಹೆಚ್ಚು ವಿದ್ಯುತ್ ಎಳೆಯುತ್ತದೆ, ಬಿಲ್ಲು ಕಾಲೇಜಿಗೆ ಬರುತ್ತದೆ.

ಎರಡನೆಯದು ಗುಟ್ಟು. ಲೆಕ್ಕ ಮಾಡುವ ಯಂತ್ರಕ್ಕೆ ಲೆಕ್ಕದ ವಿವರ ಕೊಡಲೇಬೇಕು. ಫಿರಂಗಿ ಎಷ್ಟು ದೂರ ಹೊಡೆಯುತ್ತದೆ, ರೇಡಾರ್ ಎಲ್ಲಿ ಕುರುಡಾಗುತ್ತದೆ ಎಂಬ ಸಂಖ್ಯೆಗಳು, ಯಾರೋ ಸಿನಿಮಾ ತುಂಬಿಸಿಕೊಳ್ಳಲು ಪೆನ್‌ಡ್ರೈವ್ ಚುಚ್ಚುವ ಯಂತ್ರದ ಮೆಮೊರಿಯಲ್ಲಿ ಕೂರಬೇಕೆ? ಸಂಖ್ಯೆಗಳನ್ನು ಮರೆಮಾಚಿ ಸುಳ್ಳು ಮೌಲ್ಯ ಕೊಟ್ಟರೆ ಉತ್ತರವೂ ಸುಳ್ಳಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮೂರನೆಯದು, ‘ಬಿಡುವು’ ಎಂಬ ಮಾತು. ಚಿತ್ರದುರ್ಗ ಜಿಲ್ಲೆಯವರಿಗೆ ಇದರ ಅನುಭವ ಹೊಸದಲ್ಲ. ಚಳ್ಳಕೆರೆಯ ಅಮೃತ್ ಮಹಲ್ ಕಾವಲು ಎಂಬ ಹುಲ್ಲುಗಾವಲು, ದಾಖಲೆ ನೋಡುವವರ ಕಣ್ಣಿಗೆ ಖಾಲಿ ಜಾಗವಾಗಿ ಕಂಡಿತು. ಅಲ್ಲಿ ರಕ್ಷಣಾ, ಅಣುಶಕ್ತಿ ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೆ ಸಾವಿರಾರು ಎಕರೆ ಹಂಚಿಕೆಯಾಗಿ ಗೋಡೆ ಎದ್ದ ಮೇಲೆ, ಅಲ್ಲಿ ಕುರಿ ದನ ಮೇಯಿಸುತ್ತಿದ್ದ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಡವೆಂದು ಅವರು ಹೇಳಲಿಲ್ಲ. ತಮ್ಮನ್ನು ಮೊದಲೇ ಯಾಕೆ ಕೇಳಲಿಲ್ಲ ಎಂದು ಕೇಳಿದರು.

ಲ್ಯಾಬಿನಲ್ಲೂ ಸಂಜೆ ಯಾರೂ ಇರುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಹುಡುಗಿಯೊಬ್ಬಳು ಜಗಳೂರಿನ ಕೊನೆಯ ಬಸ್ಸಿನ ಹೊತ್ತಿನವರೆಗೂ ಮೂಲೆಯ ಯಂತ್ರದಲ್ಲಿ ಪ್ರಾಜೆಕ್ಟ್ ಮುಗಿಸುತ್ತಿರುತ್ತಾಳೆ, ಅಟೆಂಡರ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಹಿಂದಿನಿಂದ ಇನ್ನೊಂದು ಪ್ರೋಗ್ರಾಮ್ ಓಡುತ್ತಿದ್ದರೆ ಅವಳಿಗೆ ತಿಳಿಯುವುದು ಇಷ್ಟೇ: ಕರ್ಸರ್ ಸುತ್ತುತ್ತಿದೆ, ಫೈಲು ತೆರೆಯುತ್ತಿಲ್ಲ, ಬಸ್ಸಿಗೆ ಹೊತ್ತಾಯಿತು.