ಊಟ ಮೊದಲು ಬಡಿಸಿ, ಸನ್ಮಾನ ಆಮೇಲೆ

ಕಳೆದ ಭಾನುವಾರ ಮತ್ತೊಂದು ಸಂಜೆ ಕಾರ್ಯಕ್ರಮಕ್ಕೆ ಹೋಗಿ, ಹಸಿದುಕೊಂಡೇ ಡೊಂಬಿವಲಿಗೆ ವಾಪಸ್ ಬಂದೆ. ಯಾವ ಕನ್ನಡ ಸಂಘ ಅಂತ ಕೇಳಬೇಡಿ, ಮುಂಬಯಿಯಲ್ಲಿ ಹೆಚ್ಚಿನ ಕಡೆ ಕತೆ ಇದೇ.

ಆಮಂತ್ರಣದಲ್ಲಿ 'ಸಂಜೆ 5ಕ್ಕೆ ಸರಿಯಾಗಿ'. ದೀಪ ಹೊತ್ತಿದ್ದು 6:20ಕ್ಕೆ. ವೇದಿಕೆಯ ಮೇಲೆ 13 ಕುರ್ಚಿ (ಎಣಿಸಿದೆ, ಬೇರೆ ಕೆಲಸ ಇರಲಿಲ್ಲ). ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, 13 ಹೂಗುಚ್ಛ. "ಸಮಯದ ಅಭಾವ, ಎರಡೇ ಮಾತು" ಎಂದು ಮೈಕು ಹಿಡಿದವರು 25 ನಿಮಿಷ ಬಿಡಲಿಲ್ಲ. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಸಾಂಬಾರಿನ ಪರಿಮಳ. ಅಧ್ಯಕ್ಷರ ಭಾಷಣದ ನಡುವೆ ಅಡುಗೆಯವರು ಸ್ಟೀಲ್ ತಟ್ಟೆ ಜೋಡಿಸುವ ಸದ್ದಾಯಿತು ನೋಡಿ, ಇಡೀ ಸಭೆ ಒಮ್ಮೆಲೇ ತಿರುಗಿ ನೋಡಿತು. ಆ ಸಂಜೆ ಎಲ್ಲರೂ ಒಟ್ಟಿಗೆ ಗಮನ ಕೊಟ್ಟಿದ್ದು ಅದೊಂದಕ್ಕೇ.

ಈ ಊರಲ್ಲಿ ಕೂಟದ ಯಜಮಾನ ಅಧ್ಯಕ್ಷರಲ್ಲ, ಲೋಕಲ್ ಟ್ರೇನು. ಸಭೆ ಮುಗಿಸಿ ಮಾಟುಂಗಾದಲ್ಲಿ ಹತ್ತೋಣ ಅಂದರೆ ಅಲ್ಲಿ ಫಾಸ್ಟ್ ಟ್ರೇನು ನಿಲ್ಲುವುದಿಲ್ಲ. ಸ್ಲೋ ಹಿಡಿದರೆ ಡೊಂಬಿವಲಿಗೆ ಹತ್ತಿರ ಹತ್ತಿರ ಒಂದು ಗಂಟೆ, ಆಮೇಲೆ ಶೇರ್ ರಿಕ್ಷಾದ ಸಾಲು. ಹಳಿ ದುರಸ್ತಿಗೆಂದು ಟ್ರೇನು ಕಡಿಮೆ ಮಾಡುವ ಭಾನುವಾರದ ಮೆಗಾಬ್ಲಾಕ್ ಬೇರೆ. ದೂರದ ನಾಲಾಸೊಪಾರಾ, ವಿರಾರಿನಿಂದ ಮಕ್ಕಳನ್ನು ಕರೆದುಕೊಂಡು ಬಂದ ಹೆಂಗಸರು ಎಂಟೂವರೆ ಆಗುತ್ತಲೇ ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ಊಟವೂ ಇಲ್ಲ, ಬಂದವರ ಹತ್ತಿರ ನಾಲ್ಕು ಮಾತೂ ಇಲ್ಲ. ಕೊನೆಗೆ ಊಟ ಮಾಡುವವರು ಯಾರು? ಕಾರಿದ್ದವರು.

ಇದನ್ನು ಒಬ್ಬ ಪದಾಧಿಕಾರಿಯ ಹತ್ತಿರ ಹೇಳಿದೆ. "ಊಟ ಮೊದಲು ಹಾಕಿದರೆ ಸಭೆಯಲ್ಲಿ ಯಾರು ಕೂತ್ಕೊಳ್ತಾರೆ ಮಾರಾಯ್ರೆ?" ಅಂದರು. ಎಷ್ಟು ಪ್ರಾಮಾಣಿಕ ಉತ್ತರ! ಅಂದರೆ ಅನ್ನವನ್ನು ಅಡವಿಟ್ಟುಕೊಂಡು ಭಾಷಣ ಕೇಳಿಸುತ್ತಿದ್ದೇವೆ ಅಂತಾಯಿತಲ್ಲ.

ಸಂಘಗಳ ಮೇಲೆ ನನಗೆ ಸಿಟ್ಟಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದ್ದು, ಮಾಹಿಮಿನ ಕರ್ನಾಟಕ ಸಂಘ 1933ರದ್ದು. ಜಾತಿವಾರು ಸಂಘಗಳಲ್ಲೂ ಕೆಲವಕ್ಕೆ ನೂರು ದಾಟಿದೆ. ಹಗಲಿಡೀ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಅಕ್ಷರ ಕಲಿಸಿದ್ದು ಇಲ್ಲಿನ ಕನ್ನಡ ರಾತ್ರಿಶಾಲೆಗಳು. ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ 13ನೇ ವಯಸ್ಸಿಗೆ ಬಂದವರು. ತಟ್ಟೆ ತೊಳೆದು, ಮಾಣಿಯಾಗಿ, ಗಲ್ಲಾದವರೆಗೆ ಬಂದರು. ರಾತ್ರಿ ಮಲಗುತ್ತಿದ್ದುದು ಗಿರಾಕಿಗಳು ತಿಂದೆದ್ದ ಮೇಜಿನ ಮೇಲೆ. ಅಂಥವರಿಗೆ ಸಂಘದ ಸಂಜೆಯೇ ಮನೆ, ಅದೇ ಊರಿನ ಹಬ್ಬ. ಹಾಗಾಗಿ ಶಾಲು-ಪೇಟದ ಆಸೆಯನ್ನು ನಾನು ಗೇಲಿ ಮಾಡಲಾರೆ. ಹುಡುಗನಾಗಿದ್ದಾಗ ಎಲ್ಲರೂ "ಏಯ್" ಅಂತಲೇ ಕರೆದವನಿಗೆ ಮೈಕಿನಲ್ಲಿ 'ಶ್ರೀಯುತ' ಅಂತ ಕೇಳಿಸಿಕೊಳ್ಳುವ ಹಕ್ಕಿದೆ.

ಅಪ್ಪಯ್ಯನಿಗೂ ಒಮ್ಮೆ ಸನ್ಮಾನ ಆಯಿತು. ಹನ್ನೆರಡು ಜನರ ಪಟ್ಟಿಯಲ್ಲಿ ಅವರು ಹನ್ನೊಂದನೆಯವರು. ಹೆಸರು ಕರೆಯುವಾಗ ಒಂಬತ್ತೂಕಾಲು. ವಿರಾರಿನ ಅತ್ತೆ, ಅತ್ತೆಯ ಮಕ್ಕಳು ಹೊರಟುಹೋಗಿದ್ದರು, ಉಳಿದವರು ಊಟದ ಸಾಲಿನಲ್ಲಿದ್ದರು. ಮಾನಪತ್ರದ ಎರಡನೇ ಪ್ಯಾರಾ ಹಾರಿಸಿಯೇ ಓದಿದರು. ರಾತ್ರಿಶಾಲೆಯ ವಿಷಯ ಇದ್ದದ್ದು ಅದರಲ್ಲೇ. ನಾನು ತೆಗೆದ ವಿಡಿಯೊದಲ್ಲಿ ಅಪ್ಪಯ್ಯ ಖಾಲಿ ಕುರ್ಚಿಗಳಿಗೆ ಕೈಮುಗಿಯುತ್ತಿದ್ದಾರೆ. ಶಾಲು ಹೊದಿಸುವವರು ಫೋಟೊಗ್ರಾಫರನ ಕಡೆ ನೋಡುತ್ತಿದ್ದಾರೆ.

ಆ ದಿನ ನಿಜವಾದ ಕೂಟ ನಡೆದದ್ದು ಮಾಟುಂಗಾ ಸ್ಟೇಷನ್ನಿನ ಬೆಂಚಿನ ಮೇಲೆ. ಜೊತೆಯಲ್ಲಿ ಮಾಣಿಯಾಗಿದ್ದ ಹಳೆಯ ಗೆಳೆಯರೊಬ್ಬರು ಅಲ್ಲಿ ಸಿಕ್ಕರು. ಒಬ್ಬರಿಗೊಬ್ಬರು "ನಿಂಗೆ ಕೂದ್ಲೇ ಇಲ್ಯಲ್ಲ ಮಾರಾಯ" ಅಂದುಕೊಂಡು ನಗಾಡಿದರು. ಆಮೇಲೆ ಯಾವ ಭಟ್ಟರು ಯಾವ ಹೋಟೆಲು ಬಿಟ್ಟರು, ಯಾರ ಸಂಬಳ ಯಾರು ನುಂಗಿದರು, ಎಲ್ಲ ಬಂತು. ನಾನು "ಟ್ರೇನ್ ಬಂತು" ಅಂದರೆ ಅಪ್ಪಯ್ಯ "ಬಪ್ಪುದಕ್ಕ್ ಹ್ವಾಪ ಮಗಾ" ಅಂದರು. ಹೀಗೆ ಮೂರು ಟ್ರೇನು ಬಿಟ್ಟೆವು. ಪೇಟ ಪ್ಲಾಸ್ಟಿಕ್ ಚೀಲದಲ್ಲಿತ್ತು.

ಬರುವ ತಿಂಗಳು ಅಮ್ಮನಿಗೆ 70. ಹತ್ತಿರದ ಚಿಕ್ಕ ಹಾಲ್ ಹಿಡಿದಿದ್ದೇನೆ. ನೀರ್ ದೋಸೆ, ಕೋಳಿ ಸುಕ್ಕ, ತಿನ್ನದವರಿಗೆ ಕಡ್ಲೆ ಗಸಿ. ವೇದಿಕೆ ಇಲ್ಲ, ಮೈಕು ಇಲ್ಲ, ಕುರ್ಚಿಗಳು ಒಂದಕ್ಕೊಂದು ಎದುರುಬದುರು. ವಾಟ್ಸಾಪಿನಲ್ಲಿ ಆಮಂತ್ರಣ ಹಾಕಿದೆ: 'ಊಟ ಸಂಜೆ 6:30ಕ್ಕೆ. ಮಾತು ಆಮೇಲೆ.'

ಎರಡು ನಿಮಿಷದಲ್ಲಿ ದೊಡ್ಡಪ್ಪನ ಉತ್ತರ ಬಂತು: "ಒಳ್ಳೇದ್. ಮಾತ್ ಯಾರದ್ದ್? ಅಧ್ಯಕ್ಷತೆಗೆ ಯಾರನ್ನ್ ಕರ್ದಿದ್ದೆ?"